ತೊಟ್ಟಿಲಲ್ಲಿ ಮಲಗಿದ್ದ ಸೋರೆಕಾಯಿ

ಮೂವತ್ತು ಮಂದಿ ಕೂಡುವ ಬಸ್ಸಿನಲ್ಲಿ ಐವತ್ತು ಮಂದಿಯನ್ನು ಕೂಡಿಸಿ, ಅವರ ಕೋಳಿ, ಕುರಿಮರಿ, ಮೆಣಸಿನಕಾಯಿ ಚೀಲಗಳಿಗೂ ಜಾಗ ಮಾಡಿಕೊಟ್ಟು, ಅಷ್ಟಾದ ಮೇಲೂ ತನ್ನ ಮೀಸೆಯ ತಿರುವು ಕೆಡದಂತೆ ಹಿಂದಿನಿಂದ ಮುಂದಿನವರೆಗೆ ಓಡಾಡಬಲ್ಲ ಕಂಡಕ್ಟರ್ ರಾಯಚೂರು-ಮಾನ್ವಿ ದಾರಿಯಲ್ಲಿ ಆ ಕಾಲಕ್ಕೆ ಒಬ್ಬನೇ ಇದ್ದ. ಅವನ ಹೆಸರು ವೆಂಕೋಬ. ಅಂದರೆ ನಾನೇ. ಇಂಥವನಿಗೆ ನಾಲ್ಕು ತಿಂಗಳ ಕೂಸೊಂದಕ್ಕೆ ದೇವಿ ಹಾಕಿಸುವುದು ಯಾವ ದೊಡ್ಡ ಮಾತು?

ಸಿಡುಬು, ಅಂದರೆ ದೇವಿ, ಬರದಂತೆ ತೋಳಿಗೆ ಗಾಯ ಮಾಡಿ ಮದ್ದು ಹಚ್ಚುವುದಕ್ಕೆ ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಾರೆ. ಹಾಗೆ ಹಾಕುವವರೊಬ್ಬರ ಪರಿಚಯ ನನಗಾದದ್ದು ಬಸ್ಸನ್ನು ದೂಡುತ್ತಿರುವಾಗ. ಲಡಾಯಿ ನಡೆದಿದ್ದ ಕಾಲ ಅದು. ಪೆಟ್ರೋಲೆಲ್ಲ ಲಡಾಯಿಗೆ ಹೋಗಿ ನಮ್ಮ ಬಸ್ಸಿನ ಹೊಟ್ಟೆಗೆ ಇದ್ದಲಿಯೇ ಗತಿಯಾಗಿತ್ತು. ಬಸ್ಸಿನ ಬೆನ್ನಿಗೆ ಗುಡಾಣದಂಥ ಒಂದು ಡ್ರಮ್ಮು, ಅದರ ತುಂಬ ಕೆಂಡ, ಆ ಕೆಂಡದ ಗ್ಯಾಸಿನಿಂದ ಬಸ್ಸು ಓಡಬೇಕು. ಇಳಿಜಾರಿನಲ್ಲಿ ಕುದುರೆಯಂತೆ ಓಡುತ್ತಿತ್ತು, ಸುಳ್ಳು ಹೇಳಬಾರದು. ಏರು ಬಂದರೆ ಮಾತ್ರ ಮುನಿಸಿಕೊಂಡು ನಿಲ್ಲುತ್ತಿತ್ತು. ಆಗ ಗಂಡಸರೆಲ್ಲ ಇಳಿದು ದೂಡುವುದು ರೂಢಿ. ಹಾಗೆ ದೂಡುವಾಗ ನನ್ನ ಪಕ್ಕದಲ್ಲಿ, ತಗಡಿನ ಪೆಟ್ಟಿಗೆಯೊಂದನ್ನು ಬಗಲಲ್ಲಿ ಅವುಚಿಕೊಂಡು ಒಂದೇ ಕೈಯಿಂದ ದೂಡುತ್ತಿದ್ದ ಸಣಕಲು ಮನುಷ್ಯರೇ ಕುತುಬುದ್ದೀನ್ ಸಾಹೇಬರು. ಪೆಟ್ಟಿಗೆ ಕೆಳಗಿಡಿ ಅಂದೆ. ಅದರಲ್ಲಿ ದೇವಿ ಹಾಕುವ ಸಾಮಾನಿದೆ, ಕೆಳಗಿಡುವಂತಿಲ್ಲ ಅಂದರು. ಅಷ್ಟು ಕೇಳಿದ್ದೇ ತಡ, ನಮ್ಮ ಆಚೆ ಈಚೆ ದೂಡುತ್ತಿದ್ದವರು ನಾಲ್ಕು ಮಾರು ದೂರ ಸರಿದರು. ಬಸ್ಸು ಹಿಂದಕ್ಕೆ ಬರತೊಡಗಿತು.

ಬಸ್ಸು ಹೊರಟ ಮೇಲೆ ಸಾಹೇಬರು ತಮ್ಮ ಗೋಳು ತೋಡಿಕೊಂಡರು. ಅವರ ಪೆಟ್ಟಿಗೆ ಕಂಡರೆ ಊರಿಗೆ ಊರೇ ಜೋಳದ ಹೊಲ ಸೇರುತ್ತದಂತೆ. ಒಂದು ಮನೆಯ ಕದ ತಟ್ಟಿದರೆ ಒಳಗಿನಿಂದ 'ಮನ್ಯಾಗ ಯಾರೂ ಇಲ್ರೀ' ಎಂದು ನಾಲ್ಕು ದನಿಗಳು ಒಟ್ಟಿಗೆ ಕೂಗಿದವಂತೆ. ನಾನು ನಕ್ಕೆ. ಸಾಹೇಬರು ನಗಲಿಲ್ಲ. ದೇವದುರ್ಗದ ಆಚೆ ಒಂದು ಹಳ್ಳಿಯಲ್ಲಿ ಆ ಸಲ ಬೇನೆ ಬಂದಿದೆ, ಸಣ್ಣ ಮಕ್ಕಳು ಹೋಗಿವೆ ಅಂದರು. ತಾವು ಹೋದಾಗ ಬಾಗಿಲು ಹಾಕಿಕೊಂಡ ಮನೆಗಳ ಮಕ್ಕಳೇ ಅವು, ಆ ಮನೆಗಳು ಯಾವುವೆಂದು ತಮಗೆ ಗೊತ್ತು ಅಂದು ಕಿಟಕಿಯ ಹೊರಗೆ ನೋಡುತ್ತ ಕೂತರು.

ನನಗೆ ಎದೆಯಲ್ಲಿ ಏನೋ ಆಯಿತು. ನನ್ನ ಮನೆಯಲ್ಲೂ ಒಂದು ಕೂಸಿತ್ತಲ್ಲ. ಎದೆಯಲ್ಲಿ ಏನಾದರೂ ಆದರೆ ಅದು ನನ್ನ ಬಾಯಿಯಿಂದ ಬಡಾಯಿಯಾಗಿಯೇ ಹೊರಬೀಳುವುದು ನನ್ನ ಹುಟ್ಟುಗುಣ.

"ಶುಕ್ರವಾರ ಮಾನ್ವ್ಯಾಗ ನಮ್ಮ ಓಣಿಗೆ ಬರ್ರಿ ಸಾಹೇಬ್ರ," ಅಂದೆ. "ಮೊದಲು ನನ್ನ ಮಗಳಿಗೆ ಹಾಕ್ರಿ. ಆಮ್ಯಾಲ ಇಡೀ ಓಣಿ ನಿಮ್ಮ ಮುಂದ ಸಾಲು ಹಚ್ಚಲಿಲ್ಲಂದ್ರ ನನ್ನ ಹೆಸರು ವೆಂಕೋಬ ಅಲ್ಲ."

ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಮೀಸೆಯ ಮೇಲೆ ಕೈ ಹೋಯಿತು.

ಮನೆಗೆ ಬಂದು ಗೋಪಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ. ಕೂಸಿಗೆ ಹಾಕಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಅಂದಳು. ಹಿರಿಯವನಿಗೆ ಅವನು ಕೂಸಿದ್ದಾಗಲೇ ದೇವದುರ್ಗದ ತನ್ನ ತವರಿನಲ್ಲಿ ತಾನೇ ಎತ್ತಿಕೊಂಡು ಹೋಗಿ ಹಾಕಿಸಿಕೊಂಡು ಬಂದಿದ್ದಳು. ಆಗ ನಾನು ಡ್ಯೂಟಿಯ ಮೇಲಿದ್ದೆ. ಆದರೆ ಒಂದು ಕೂಸಿಗೆ ದೇವಿ ಹಾಕಿಸಲು ಇಡೀ ಓಣಿಗೆ ಡಂಗುರ ಯಾಕೆ ಎಂಬುದು ಅವಳ ಪ್ರಶ್ನೆ. ಮಂದಿಯ ಅಂಜಿಕೆ ಬಿಡಿಸಬೇಕು, ನಾವೇ ಮುಂದೆ ನಿಂತು ತೋರಿಸಬೇಕು ಎಂದು ನಾನು ಉಪದೇಶ ಮಾಡಿದೆ. ಗೋಪಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿ ಒಂದೇ ಮಾತು ಕೇಳಿದಳು.

"ಹುಡುಗಗ ಏನಂತ ಹೇಳ್ತೀರಿ?"

ಹುಡುಗ ಅಂದರೆ ನಮ್ಮ ತಾಯಣ್ಣ. ಮೂರು ತುಂಬಿ ನಾಲ್ಕಕ್ಕೆ ಬಿದ್ದವನು. ನಮ್ಮ ಅಪ್ಪನ ಹೆಸರು ಅವನಿಗಿಟ್ಟಿದ್ದರಿಂದ ಬಯ್ಯುವಂತಿರಲಿಲ್ಲ, ಅದನ್ನು ಅವನು ಹುಟ್ಟುತ್ತಲೇ ತಿಳಿದುಕೊಂಡಂತಿತ್ತು. ಬೀಸುವ ಕಲ್ಲಿನೊಳಗೆ ನನ್ನ ಕಂಡಕ್ಟರ್ ಸೀಟಿಯನ್ನು ಹಾಕಿ ಬೀಸಿದವನು ಅವನೇ. ಎಮ್ಮೆಯ ಬಾಲಕ್ಕೆ ಗೋಪಮ್ಮನ ಸೀರೆಯ ಸೆರಗು ಕಟ್ಟಿದವನೂ ಅವನೇ, ಸೆರಗಿನೊಳಗೆ ಗೋಪಮ್ಮ ಇದ್ದಾಗಲೇ.

ಹಡೆಯಲು ತವರಿಗೆ ಹೋದ ಗೋಪಮ್ಮ ದೇವದುರ್ಗದಿಂದ ಕೂಸನ್ನೆತ್ತಿಕೊಂಡು ಬಂದ ದಿನ ಅವನು ಬಲು ಮರ್ಯಾದೆಯಿಂದಲೇ ನಡೆದುಕೊಂಡ. ಯಾರೋ ಬೀಗರು ಬಂದಿದ್ದಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ ಎಂದುಕೊಂಡಿದ್ದ. ತನ್ನ ತೊಟ್ಟಿಲನ್ನೂ ಬಿಟ್ಟುಕೊಟ್ಟ. ದಿನಗಳು ಕಳೆದರೂ ಬೀಗರು ಏಳುವ ಲಕ್ಷಣ ಕಾಣದಿದ್ದಾಗ ಅವನ ಮುಖ ಬಿಗಿಯಿತು. 'ಇದು ಯಾವಾಗ ತಮ್ಮೂರಿಗೆ ಹೋಗ್ತದ?' ಎಂದು ಊಟಕ್ಕೆ ಕೂತಾಗೊಮ್ಮೆ ಕೇಳತೊಡಗಿದ. ಕೂಸಿಗೆ ಶೇಖಮ್ಮ ಎಂದು ಹೆಸರಿಟ್ಟಿದ್ದೆವು. ಹೆಣ್ಣಾಗಲಿ ಎಂದು ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗಳು. ಅವನು ಆ ಹೆಸರನ್ನು ಬಾಯಲ್ಲಿ ತರಲಿಲ್ಲ, ತಂಗಿ ಅಂತಲೂ ಅನ್ನಲಿಲ್ಲ. ಅವನ ಪಾಲಿಗೆ ಅದು 'ಇದು'. ಒಂದು ದಿನ ಮುಂಜಾನೆ ನಾನು ಖಾಕಿ ತೊಟ್ಟು ಹೊರಡುವಾಗ, ಕೂಸಿನ ಕೌದಿಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದು ನಿಂತ.

"ಇದಕ್ಕೊಂದು ಟಿಕೀಟು ಕೊಡು ಯಪ್ಪಾ. ದೇವದುರ್ಗಕ್ಕ."

ಇಂಥ ಹುಡುಗನಿಗೆ ಏನು ಹೇಳುವುದು? ಬಲು ಸುಲಭ ಅನಿಸಿತು ನನಗೆ. ಅಂದು ಸಂಜೆ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಶುಕ್ರವಾರ ಒಬ್ಬರು ಸಾಹೇಬರು ಬರುತ್ತಾರೆ, ಅವರ ಕಡೆ ಒಂದು ಪೆಟ್ಟಿಗೆ ಇರುತ್ತದೆ, ಆದರೆ ನೀನು ಅಂಜಬೇಡ, ನಿನಗೆ ಏನೂ ಮಾಡುವುದಿಲ್ಲ, ಕೂಸಿಗೆ ಮಾತ್ರ ಅಂದೆ. ಏನು ಮಾಡುತ್ತಾರೆ ಎಂದು ಕೇಳಿದ. ಅವನಿಗೆ ಖುಷಿಯಾಗಲೆಂದು ನಾನು ನಾಲ್ಕು ಮಾತು ಬಣ್ಣ ಹಚ್ಚಿಯೇ ಹೇಳಿದೆ. ಪೆಟ್ಟಿಗೆಯೊಳಗೆ ಹಲ್ಲಿರುವ ಒಂದು ಕಬ್ಬಿಣ ಇರುತ್ತದೆ, ಅದನ್ನು ಕೂಸಿನ ತೋಳಿಗೆ ಒತ್ತಿ ಗರ್ರನೆ ತಿರುವುತ್ತಾರೆ, ಕೂಸು ಕಿಟಾರನೆ ಕಿರುಚುತ್ತದೆ ಎಂದು ಕಣ್ಣು ದೊಡ್ಡದು ಮಾಡಿ ಅಭಿನಯಿಸಿ ತೋರಿಸಿದೆ. ರಕ್ತ ಬರುತ್ತದೇನು ಅಂದ. ಬರುತ್ತದೆ ಅಂದೆ.

ತಾಯಣ್ಣ ತೊಡೆಯಿಂದಿಳಿದು ತೊಟ್ಟಿಲ ಹತ್ತಿರ ಹೋಗಿ ನಿಂತ. ನೋಡಿದೆಯಾ, ಹುಡುಗರ ಮನಸ್ಸು ತಿಳಿಯಬೇಕು ಎಂದು ನಾನು ಗೋಪಮ್ಮನ ಕಡೆ ತಿರುಗಿದೆ. ಅವಳು ಹುಡುಗನನ್ನೇ ನೋಡುತ್ತಿದ್ದಳು. ನಮ್ಮ ಹದಿನೈದು ಮಾತಿಗಿಂತ ಹೆಂಗಸರ ಒಂದು ನೋಟ ಭಾರ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬಂತು. ನಮ್ಮ ಸೀಮೆಗೆ ಅದು ರಜೆಯ ದಿನ, ಓಣಿಯೆಲ್ಲ ಮನೆಯಲ್ಲಿತ್ತು. ನಾನು ಕಟ್ಟೆಗೆ ಕಂಬಳಿ ಹಾಸಿ, ಬಾಗಿಲಿಗೆ ನೀರು ಹೊಡೆಸಿ, ಖಾಕಿ ಕೋಟನ್ನೇ ತೊಟ್ಟು ನಿಂತೆ. ಎದುರು ಮನೆಯ ಪರಮಣ್ಣನಿಂದ ಹಿಡಿದು ಓಣಿಯ ತುದಿಯವರೆಗೆ ಎಲ್ಲರೂ ಬಂದಿದ್ದರು. ಬಂದವರು ದೇವಿ ಹಾಕಿಸಿಕೊಳ್ಳಲು ಬಂದಿರಲಿಲ್ಲ, ಹಾಕುವುದನ್ನು ನೋಡಲು ಬಂದಿದ್ದರು. ಓಡಿಹೋಗಲು ಅನುಕೂಲವಾಗುವಷ್ಟು ದೂರದಲ್ಲಿ ನಿಂತಿದ್ದರು. ಕುತುಬುದ್ದೀನ್ ಸಾಹೇಬರು ಬಂದು ಕಂಬಳಿಯ ಮೇಲೆ ಕೂತು ಪೆಟ್ಟಿಗೆ ತೆರೆದು ಸಣ್ಣ ದೀಪ ಹಚ್ಚಿದರು. ಗೋಪಮ್ಮ ಒಳಗೆ ಚಹಾಕ್ಕೆ ನೀರಿಟ್ಟಿದ್ದಳು. ನಾನು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದೆ. ದೇವಿ ನಮ್ಮ ತಾಯಿ, ತಾಯಿ ಮಕ್ಕಳಿಗೆ ಕೇಡು ಬಯಸುವಳೇ, ಅಂಜುವವರು ಅಂಜಲಿ, ಈ ವೆಂಕೋಬನ ಮನೆತನದಲ್ಲಿ ಅಂಜಿಕೆ ಎಂಬ ಮಾತಿಲ್ಲ ಎಂದೆಲ್ಲ ಅಂದೆ. ಕೂಸನ್ನು ನಾನೇ ತರುತ್ತೇನೆಂದು ಒಳಗೆ ಹೋದೆ.

ತೊಟ್ಟಿಲಲ್ಲಿ ಕೂಸು ಮುಖದ ತುಂಬ ಕೌದಿ ಹೊದ್ದು ಬೆಚ್ಚಗೆ ಮಲಗಿತ್ತು. ಎಚ್ಚರವಾಗದಂತೆ ಕೌದಿ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ಮೆಲ್ಲಗೆ ಹೆಜ್ಜೆಯಿಡುತ್ತ ಹೊರಗೆ ಬಂದು ಕಂಬಳಿಯ ಮೇಲೆ ಕೂತೆ. ಎಷ್ಟು ಗಟ್ಟಿಮುಟ್ಟಾಗಿದ್ದಾಳೆ ನನ್ನ ಮಗಳು ಎಂದು ಹೆಮ್ಮೆಯೂ ಆಯಿತು. ಸಾಹೇಬರು ಕೈ ತೋರಿಸಿರಿ ಅಂದರು. ನಾನು ಕೌದಿಯೊಳಗೆ ಕೈಯಾಡಿಸಿದೆ. ಕೂಸಿನ ಕೈ ಸಿಗಲಿಲ್ಲ. ಮಗ್ಗುಲು ಬದಲಿಸಿ ಇನ್ನೊಂದು ಕಡೆ ಹುಡುಕಿದೆ. ಅಲ್ಲಿಯೂ ಕೈ ಇರಲಿಲ್ಲ. ಮಂದಿ ಕತ್ತು ಚಾಚಿದರು. ಕೌದಿ ಸರಿಸಿದೆ.

ಸೋರೆಕಾಯಿ. ನಮ್ಮ ಮಾಳಿಗೆಯ ಬಳ್ಳಿಯಲ್ಲಿ ಬಿಟ್ಟ ಸೋರೆಕಾಯಿ. ಅದರ ತೊಟ್ಟಿಗೆ ನನ್ನ ಮಗಳ ಕೆಂಪು ಕುಲಾವಿಯನ್ನು ತೊಡಿಸಲಾಗಿತ್ತು.

ಕುತುಬುದ್ದೀನ್ ಸಾಹೇಬರು ಅದನ್ನು ಹತ್ತಿರದಿಂದ ನೋಡಿದರು.

"ಇದಕ್ಕ ದೇವಿ ಬರಂಗಿಲ್ಲ, ಕಂಡಕ್ಟರ್ ಸಾಬ್," ಅಂದರು.

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ದೇವಿ ಸಿಟ್ಟಾಗಿ ಕೂಸನ್ನು ಸೋರೆಕಾಯಿ ಮಾಡಿಬಿಟ್ಟಳು ಎಂದು ಪರಮಣ್ಣ ಅಂದ. ಅವನು ಚೇಷ್ಟೆಗೆ ಅಂದದ್ದು, ಆದರೆ ಹಿಂದೆ ನಿಂತಿದ್ದ ಒಂದಿಬ್ಬರು ಮುದುಕಿಯರು ಗಲ್ಲ ಬಡಿದುಕೊಂಡರು. ಚಹಾದ ಲೋಟ ಹಿಡಿದು ಬಂದ ಗೋಪಮ್ಮ ಸೋರೆಕಾಯಿಯನ್ನು ನೋಡಿದಳು, ಒಳಗೆ ಓಡಿ ಖಾಲಿ ತೊಟ್ಟಿಲನ್ನು ನೋಡಿದಳು, ಬಾಗಿಲಿಗೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಗ ನಗು ನಿಂತಿತು.

ತಾಯಣ್ಣ ಹೊಸ್ತಿಲ ಮೇಲೆ ನಿಂತಿದ್ದ. ನಾನು ಅವನ ಎರಡೂ ಭುಜ ಹಿಡಿದು, ಕೂಸು ಎಲ್ಲಿ ಎಂದು ಗುಡುಗಿದೆ.

"ಊರಿಗೆ ಹೋತು," ಅಂದ.

"ಯಾ ಊರಿಗಲೇ?"

"ದೇವದುರ್ಗಕ್ಕ. ಬಸ್ಸಿನ್ಯಾಗ."

ದೇವದುರ್ಗದ ಬಸ್ಸು ಹೊರಡುವ ಹೊತ್ತು ಅದು. ಟಿಕೀಟು ಕೇಳಿದ ಹುಡುಗ. ಹೋಗುವವರು ಯಾರೋ ನಮ್ಮ ಪರಿಚಯದವರು ಬಾಗಿಲಿಗೆ ಬಂದಿದ್ದಾರೆ, ಅಜ್ಜಿಯ ಮನೆಗೆ ಒಯ್ಯಿರಿ ಎಂದು ಇವನು ಕೊಟ್ಟಿದ್ದಾನೆ, ಅವರು ಒಯ್ದಿದ್ದಾರೆ. ನಾಲ್ಕು ತಿಂಗಳ ಹಸುಗೂಸನ್ನು ಹಾಗೆ ಯಾರು ಒಯ್ಯುತ್ತಾರೆ ಎಂದು ಯೋಚಿಸುವ ಬುದ್ಧಿ ಆಗ ಎಲ್ಲಿತ್ತು? ಕಟ್ಟೆಯಿಂದ ಜಿಗಿದವನೇ ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಗಲಲ್ಲಿ ಸೋರೆಕಾಯಿ ಇತ್ತು, ಅದನ್ನು ಯಾಕೆ ಒಯ್ದೆನೋ ಇಂದಿಗೂ ತಿಳಿಯದು. ಬಸ್ಸಿನ ನಿಲ್ದಾಣದವರೆಗೂ, ಕುಲಾವಿ ತೊಟ್ಟ ಸೋರೆಕಾಯಿಯನ್ನು ಎದೆಗವುಚಿಕೊಂಡು ಖಾಕಿ ಕೋಟಿನ ಕಂಡಕ್ಟರ್ ಅಳುತ್ತ ಓಡುವುದನ್ನು ಮಾನ್ವಿಯ ಪೇಟೆ ಕಣ್ತುಂಬ ನೋಡಿತು.

ದೇವರು ದೊಡ್ಡವನು, ಇದ್ದಲಿ ಒದ್ದೆಯಾಗಿತ್ತು. ಬಸ್ಸು ಇನ್ನೂ ನಿಂತೇ ಇತ್ತು, ಕ್ಲೀನರ್ ಡ್ರಮ್ಮಿನ ಫಂಕಾ ತಿರುವುತ್ತ ಹೊಗೆಯೊಳಗೆ ಕೆಮ್ಮುತ್ತಿದ್ದ. ನಾನು ಒಳಗೆ ನುಗ್ಗಿ ಸೀಟಿನ ಕೆಳಗೆ ಬಗ್ಗಿದೆ, ಬುಟ್ಟಿಗಳ ಮುಚ್ಚಳ ತೆಗೆದೆ, ಒಬ್ಬರ ಕೋಳಿ ಹಾರಿಹೋಯಿತು. ನಡುವಿನ ಸೀಟಿನಲ್ಲಿ ಒಬ್ಬ ಹೆಂಗಸು ಸೆರಗಿನ ಮರೆಯಲ್ಲಿ ಕೂಸನ್ನು ಮಲಗಿಸಿಕೊಂಡಿದ್ದಳು. ಅದರ ಕಾಲು ಕಂಡಿತು. ನನ್ನ ಮಗಳ ಕಾಲೇ ಅದು, ನಾನು ಗುರುತಿಸೆನೇ? ಇದು ನನ್ನ ಕೂಸು, ಕೊಡು ಅಂದೆ. ಆ ಹೆಂಗಸಿನ ಹೆಸರು ಪಕೀರಮ್ಮ ಎಂಬುದು ನನಗೆ ಗೊತ್ತಾದದ್ದು ಅವಳೇ ಹೇಳಿದ್ದರಿಂದ. ಪಕೀರಮ್ಮನ ಕೂಸಿಗೆ ಅಪ್ಪನಾಗಲು ಬಂದ ನೀನ್ಯಾರು ಎಂದು ಶುರುಮಾಡಿ ಅವಳು ನನ್ನ ಏಳು ತಲೆಮಾರನ್ನು ಬಸ್ಸಿನಲ್ಲಿ ಕೂಡಿಸಿ ಇಳಿಸಿದಳು. ಕೊನೆಗೆ ಕೂಸಿನ ಬಟ್ಟೆ ಸರಿಸಿ ಎಲ್ಲರಿಗೂ ಎತ್ತಿ ತೋರಿಸಿದಳು. ಗಂಡು. ತೋರಿಸಿದ್ದಕ್ಕೆ ಸಾಕ್ಷಿಯಾಗಿ ಅದು ನನ್ನ ಕೋಟನ್ನು ಒದ್ದೆಯೂ ಮಾಡಿತು.

ನಾನು ಬಸ್ಸಿನಿಂದಿಳಿದೆ. ಡ್ರೈವರ್ ಏನೋ ಕೇಳಿದ, ಕಿವಿಗೆ ಬೀಳಲಿಲ್ಲ. ಮನೆಯ ಕಡೆ ತಿರುಗಿದಾಗ ಮೊದಲ ಸಲ ನಿಜವಾಗಿ ಅಂಜಿಕೆಯಾಯಿತು. ಅದುವರೆಗೂ ಓಡುತ್ತಿದ್ದೆನಲ್ಲ, ಅಂಜಲು ಪುರುಸೊತ್ತಿರಲಿಲ್ಲ. ದಿನಾ ಸಂಜೆ ನಾನು ಡ್ಯೂಟಿಯಿಂದ ಬಂದಾಗ ಆ ಕೂಸು ನನ್ನ ಬೆರಳನ್ನು ಹಿಡಿದು ಬಿಡುತ್ತಿರಲಿಲ್ಲ. ಇದ್ದಲಿಯ ಕರಿ ಹತ್ತಿದ ಬೆರಳು, ಬಿಡಿಸಿಕೊಳ್ಳಲು ಹೋದರೆ ಇನ್ನೂ ಗಟ್ಟಿ ಹಿಡಿಯುತ್ತಿತ್ತು. ಅದನ್ನು ನೆನೆದು ಪೇಟೆಯ ನಡುವೆ ನಿಂತುಬಿಟ್ಟೆ. ದೇವಿ ಹಾಕಿಸುವ ಬಡಾಯಿಯಲ್ಲಿ ಮಗಳನ್ನೇ ಕಳೆದೆನಲ್ಲ ಅನಿಸಿತು.

ಓಣಿಗೆ ಬಂದರೆ ಅಳುವಿಲ್ಲ, ಗದ್ದಲವಿಲ್ಲ. ಕುತುಬುದ್ದೀನ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಗೋಪಮ್ಮ ಹೊಸ್ತಿಲಲ್ಲಿ ತಾಯಣ್ಣನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ಬಾಯಿ ನಗುತ್ತಿತ್ತು.

ನಾನು ಓಡಿದ ಮೇಲೆ ಅವಳು ಮಗನನ್ನು ಹತ್ತಿರ ಕರೆದಿದ್ದಳಂತೆ. ಎಲ್ಲಿ ಎಂದು ಕೇಳಲಿಲ್ಲ. ಯಾಕೆ ಎಂದು ಕೇಳಿದಳಂತೆ. ಈಗ ನನ್ನೆದುರು ಮತ್ತೆ ಹೇಳೆಂದು ಅವನ ಬೆನ್ನು ಸವರಿದಳು. ತಾಯಣ್ಣ ನನ್ನನ್ನು ನೋಡದೆ ಪೆಟ್ಟಿಗೆಯನ್ನು ನೋಡುತ್ತ ಹೇಳಿದ.

"ಅದಕ್ಕ ಹಲ್ಲು ಅದಾವ. ನಮ್ಮ ತಂಗಿ ಸಣ್ಣಾಕಿ ಅದಾಳ."

ನಮ್ಮ ತಂಗಿ! ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. ನಾನು ಸೋರೆಕಾಯಿಯನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕುಸಿದೆ.

ನಡೆದದ್ದು ಇಷ್ಟು. ನಮ್ಮ ಹಿತ್ತಿಲಿಗೂ ನೆರೆಮನೆಯ ಹಿತ್ತಿಲಿಗೂ ನಡುವೆ ಒಂದು ಸಣ್ಣ ಬಾಗಿಲಿದೆ. ಆ ಕಡೆ ಅಕ್ಬರಿ ಬೇಗಂ ಅವರ ಮನೆ. ಪರದೆಯವರು, ಬೀದಿಗೆ ಬರುವವರಲ್ಲ. ಗೋಪಮ್ಮನಿಗೆ ಕೆಲಸವಿದ್ದಾಗ ಕೂಸನ್ನು ಅವರೇ ಎತ್ತಿಕೊಂಡು ಹೋಗಿ ಮಲಗಿಸಿಕೊಳ್ಳುವುದು ವಾಡಿಕೆ. ಗೋಪಮ್ಮ ಬೀದಿಯ ಬಾಗಿಲಿಗೆ ನೀರು ಹೊಡೆಯುವಾಗ ತಾಯಣ್ಣ ಹಿತ್ತಿಲ ಬಾಗಿಲಿಗೆ ಹೋಗಿ, ಅವ್ವನಿಗೆ ಕೆಲಸವಿದೆ, ಕೂಸನ್ನು ತೆಗೆದುಕೊಂಡು ಹೋಗಬೇಕಂತೆ ಎಂದು ಹೇಳಿದ್ದಾನೆ. ಅವರು ಬಂದು ಒಯ್ದಿದ್ದಾರೆ. ಬರಿದಾದ ತೊಟ್ಟಿಲು ಕಂಡರೆ ಸಿಕ್ಕಿಬೀಳುವೆನೆಂದು ಇವನು ಅಡುಗೆಮನೆಯ ಸೋರೆಕಾಯಿಯನ್ನು ಉರುಳಿಸಿಕೊಂಡು ಬಂದು, ನೆಲಕ್ಕೆ ತಾಗುವಂತೆ ತೂಗಿದ್ದ ತೊಟ್ಟಿಲಿಗೆ ಹಾಕಿ ಕೌದಿ ಹೊದಿಸಿದ್ದಾನೆ. ಚಳಿಯಾದೀತೆಂದು ಕುಲಾವಿ ತೊಡಿಸಿದ್ದಾನೆ.

ಹಾಗಾದರೆ ಕೂಸನ್ನು ತಂದುಬಿಡು ಎಂದು ನಾನು ಗೋಪಮ್ಮನಿಗೆ ಹೇಳಿದೆ. ಬೇಗಂ ಕೊಡುತ್ತಿಲ್ಲ ಅಂದಳು. ನಾನು ಎದ್ದು ಅವರ ಮನೆಯ ಬಾಗಿಲಿಗೆ ಹೋಗಿ ಪರದೆಯ ಹೊರಗೆ ನಿಂತು ವಿನಯದಿಂದ ಕೇಳಿದೆ. ಒಳಗಿನಿಂದ ಬೇಗಂ ಅವರ ದನಿ ಬಂತು.

"ಮಾಫ್ ಮಾಡ್ರಿ ವೆಂಕೋಬ ಭಾಯಿ. ಬಚ್ಚಾ ನನ್ನ ಕಡಿ ಜಬಾನ್ ತಗೊಂಡಾನ. ಅವ ಕೊಡು ಅನ್ನೋತನ ಕೊಡಂಗಿಲ್ಲ."

ಕೂಸನ್ನು ಒಯ್ಯುವಾಗ ಹುಡುಗ ಹಿಂದೆಯೇ ಬಂದು, ಹಲ್ಲಿನ ಪೆಟ್ಟಿಗೆಯವನಿಗೆ ಕೊಡಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದನಂತೆ. ಆಟವೆಂದು ನಕ್ಕು ಮಾತು ಕೊಟ್ಟರಂತೆ. ಆದರೆ ಕೊಟ್ಟ ಮಾತು ಮಾತೇ ಅಂದರು, ಮಗುವಿಗೆ ಕೊಟ್ಟದ್ದಾದರೆ ಇನ್ನೂ ಗಟ್ಟಿ. ನಿಜಾಮರ ಫೌಜು ಬಂದರೂ ಆ ಪರದೆ ದಾಟುವಂತಿರಲಿಲ್ಲ. ನಾನು ಸುಮ್ಮನೆ ಮರಳಿದೆ.

ಈಗ ತೀರ್ಪು ಕೊಡುವವನು ತಾಯಣ್ಣ. ಇಡೀ ಓಣಿ ಅವನ ಮುಖ ನೋಡಿತು. ದೇವಿ ಹಾಕಿಸದಿದ್ದರೆ ತಂಗಿಗೆ ದೊಡ್ಡ ಬೇನೆ ಬರುತ್ತದೆ ಎಂದು ಗೋಪಮ್ಮ ತಿಳಿಸಿ ಹೇಳಿದಳು. ನಿನಗೂ ಹಾಕಿಸಿದ್ದೇನೆ, ನೋಡು ಎಂದು ಅವನ ತೋಳಿನ ಕಲೆ ತೋರಿಸಿದಳು. ತನಗೆ ನೋವಾದದ್ದು ನೆನಪಿಲ್ಲ, ಆದ್ದರಿಂದ ಆ ಸಾಕ್ಷಿ ನಡೆಯುವುದಿಲ್ಲ ಎಂಬಂತೆ ಅವನು ತಲೆಯಾಡಿಸಿದ. ಬೆರಳು ಎತ್ತಿ ನನ್ನನ್ನು ತೋರಿಸಿದ.

"ಮೊದಲು ಯಪ್ಪಗ ಹಾಕ್ರಿ."

ಸಭೆಗೆ ಇದು ಬಹಳ ಒಪ್ಪಿಗೆಯಾಯಿತು. ಪರಮಣ್ಣನಂತೂ ಇದಕ್ಕಿಂತ ನ್ಯಾಯದ ಮಾತು ತಾನು ಕೇಳಿಲ್ಲ ಅಂದ. ನಾನು ನಕ್ಕು, ಹುಡುಗನ ಮಾತಿಗೆ ಬೇಸರವಿಲ್ಲ, ಆದರೆ ನನಗೆ ಚಿಕ್ಕಂದಿನಲ್ಲೇ ಆಗಿದೆ ಎಂದು ಕೋಟು ಬಿಚ್ಚಿ, ಅಂಗಿಯ ತೋಳು ಮಡಿಚಿ, ರೂಪಾಯಿ ಅಗಲದ ಕಲೆಯನ್ನು ನಾಲ್ಕೂ ದಿಕ್ಕಿಗೆ ತೋರಿಸಿದೆ.

"ಅದು ಬರಿ ಅದರೀ," ಅಂದಳು ಗೋಪಮ್ಮ. "ಸಣ್ಣವರಿದ್ದಾಗ ಮಣ್ಣು ತಿಂತಿದ್ರಂತ ಅತ್ತಿ ಕಾಸಿ ಹಾಕಿದ್ದು. ಅತ್ತಿನ ನನಗ ಹೇಳ್ಯಾರ."

ಮೂವತ್ತೆರಡು ವರ್ಷ ನಾನು ದೇವಿಯ ಕಲೆಯೆಂದು ಮೆರೆಸಿದ್ದು ಮಣ್ಣು ತಿಂದದ್ದಕ್ಕೆ ಅವ್ವ ಕಾಸಿ ಹಾಕಿದ ಬರೆ! ಸಾಹೇಬರು ಬಗ್ಗಿ ನೋಡಿ, ಹೌದು ಎಂಬಂತೆ ಗೋಣು ಹಾಕಿ, ಆ ಹಲ್ಲಿನ ಕಬ್ಬಿಣವನ್ನು ದೀಪಕ್ಕೆ ಹಿಡಿದರು.

ಆಗ ನಾನು ಅದನ್ನು ಮೊದಲ ಸಲ ಕಂಡೆ. ಮಗನಿಗೆ ಅಷ್ಟು ಅಭಿನಯಿಸಿ ಹೇಳಿದ್ದೆನಲ್ಲ, ಅದೆಲ್ಲ ಕೇಳಿದ ಮಾತು. ಒಂದು ಕಡ್ಡಿ, ಅದರ ತುದಿಗೆ ಅಂಗಿಯ ಗುಂಡಿಯಷ್ಟು ಅಗಲದ ತಟ್ಟೆ, ತಟ್ಟೆಯ ತುಂಬ ಸಣ್ಣ ಸಣ್ಣ ಹಲ್ಲು. ದೀಪದ ಬೆಳಕಿನಲ್ಲಿ ಅವು ನನ್ನನ್ನು ನೋಡಿ ನಗುತ್ತಿದ್ದವು. ಎದ್ದು ಹೋಗೋಣವೆಂದರೆ, ಓಡಿಹೋಗಲು ಅನುಕೂಲವಾಗುವಷ್ಟು ದೂರದಲ್ಲಿ ನಿಂತಿದ್ದ ಮಂದಿಯೆಲ್ಲ ಈಗ ನನ್ನ ಸುತ್ತ ಕೋಟೆ ಕಟ್ಟಿದಂತೆ ಮುತ್ತಿದ್ದರು. ತಾಯಣ್ಣ ಬಂದು ನನ್ನ ಇನ್ನೊಂದು ಕೈಯನ್ನು ಹಿಡಿದುಕೊಂಡ.

"ಅಂಜಬ್ಯಾಡ ಯಪ್ಪಾ, ನಾ ಅದೀನಿ," ಅಂದ.

ಸಾಹೇಬರು ಮದ್ದಿನ ಹನಿ ಇಟ್ಟು, ಕಬ್ಬಿಣ ಒತ್ತಿ, ತಿರುವಿದರು. ಅಷ್ಟು ನೆನಪಿದೆ. ಆಮೇಲೆ ಮಾನ್ವಿ ಪಟ್ಟಣವು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ವಾಲಿ, ಮೆಲ್ಲಗೆ ನನ್ನ ಮೇಲೆ ಬಂದು ಮಲಗಿತು.

ಕಣ್ಣು ಬಿಟ್ಟಾಗ ನನ್ನ ಮುಖದ ಮೇಲೆ ನೀರು, ತಲೆಯ ಕೆಳಗೆ ಸೋರೆಕಾಯಿ. ಬೇರೆ ದಿಂಬು ಕೈಗೆ ಸಿಗಲಿಲ್ಲವಂತೆ. ತಾಯಣ್ಣ ನನ್ನ ತೋಳಿಗೆ ಬಾಯಿ ಹತ್ತಿರ ತಂದು ಉಫ್ ಉಫ್ ಎಂದು ಊದುತ್ತಿದ್ದ. ಏಳಲು ಹೋದರೆ ಅವನೇ ಬಿಡಲಿಲ್ಲ. ಅಷ್ಟರಲ್ಲಿ ಕೆಲಸವೆಲ್ಲ ಮುಗಿದಿತ್ತು. ಯಪ್ಪ ಬಿದ್ದರೂ ಉಸಿರಾಡುತ್ತಿದ್ದಾನೆ ಎಂಬುದನ್ನು ಮೂಗಿನ ಹತ್ತಿರ ಕೈಯಿಟ್ಟು ಖಾತ್ರಿ ಮಾಡಿಕೊಂಡ ಮೇಲೆ ಅವನು ಹಿತ್ತಿಲ ಬಾಗಿಲಿಗೆ ಹೋಗಿ, ಖಾಲಾ, ತಂಗಿನ್ನ ಕೊಡು ಎಂದು ಕೇಳಿದನಂತೆ. ಬೇಗಂ ತಮ್ಮ ಮಗಳು ವಾಹಿದಾಳ ಕೈಯಲ್ಲಿ ಕೂಸನ್ನು ಕಳಿಸಿದರಂತೆ. ಶೇಖಮ್ಮ ಕಬ್ಬಿಣ ತಾಗಿದಾಗ ಒಮ್ಮೆ ಕಿರುಚಿದಳು, ಅಣ್ಣ ಊದಿದ್ದಕ್ಕೆ ಸುಮ್ಮನಾದಳು, ಅವ್ವನ ಎದೆ ಸಿಕ್ಕ ಮೇಲೆ ಎಲ್ಲವನ್ನೂ ಮರೆತಳು. ಈಗ ಗೋಪಮ್ಮನ ಮಡಿಲಲ್ಲಿ ಮಲಗಿ ನನ್ನನ್ನೇ ನೋಡುತ್ತಿದ್ದಳು. ನಾನು ಬೆರಳು ಚಾಚಿದೆ. ಹಿಡಿದುಕೊಂಡಳು. ಮಂದಿಯಿರಲಿ, ಬಿಡಲಿ, ನನ್ನ ಕಣ್ಣಿನಿಂದ ನೀರಿಳಿಯಿತು. ತೋಳಿನ ನೋವು ಎಂದು ಎಲ್ಲರೂ ತಿಳಿದರು, ಹಾಗೆಯೇ ತಿಳಿಯಲೆಂದು ಸುಮ್ಮನಿದ್ದೆ.

ನನ್ನ ಭಾಷಣದಿಂದ ಆಗದ ಕೆಲಸ ನಾನು ಬಿದ್ದದ್ದರಿಂದ ಆಯಿತು. ವೆಂಕೋಬನೇ ಬಿದ್ದು ಎದ್ದ ಮೇಲೆ ನಮಗೇನು ಧಾಡಿ ಎಂದು ಪರಮಣ್ಣ ಮೊದಲು ತೋಳು ಮಡಿಚಿ ಕೂತ, ತನ್ನ ಎರಡು ಮಕ್ಕಳನ್ನೂ ಕರೆಸಿದ. ಗಲ್ಲ ಬಡಿದುಕೊಂಡ ಮುದುಕಿಯರು ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದರು. ಬೇಗಂ ಅವರ ಮನೆಯ ಮಕ್ಕಳೂ ಬಂದವು. ಒಬ್ಬರೂ ಬೀಳಲಿಲ್ಲ. ನಮಾಜಿಗೆ ಹೋಗುವ ಹೊತ್ತಾಯಿತೆಂದು ಕುತುಬುದ್ದೀನ್ ಸಾಹೇಬರು ಪೆಟ್ಟಿಗೆ ಮುಚ್ಚುವವರೆಗೂ ಸಾಲು ಮುಗಿದಿರಲಿಲ್ಲ. ಹೋಗುವಾಗ ಅವರು ನನ್ನ ಹತ್ತಿರ ಬಂದು, ಮುಂದಿನ ವಾರ ಪಕ್ಕದ ಓಣಿಗೆ ಹೋಗುವುದಿದೆ, ತಾವೂ ಬಂದು ಒಮ್ಮೆ ಬಿದ್ದುಕೊಟ್ಟರೆ ಉಪಕಾರವಾಗುತ್ತದೆ ಎಂದರು. ಚೇಷ್ಟೆಯೋ ನಿಜವೋ ಅವರ ಮುಖದಿಂದ ತಿಳಿಯಲಿಲ್ಲ.

ಮುಂದೆ ನನ್ನ ತೋಳು ಬಾತು, ಜ್ವರ ಬಂದು, ಕೆಲವು ದಿನ ಡ್ಯೂಟಿಗೆ ಹೋಗದೆ ಪಡಸಾಲೆಯಲ್ಲಿ ಮಲಗಿದೆ. ಕೂಸಿಗೆ ಒಂದೇ ಸಂಜೆ ಮೈ ಬೆಚ್ಚಗಾಗಿ ಇಳಿಯಿತು. ತಾಯಣ್ಣ ಈಗ ತೊಟ್ಟಿಲ ಕಾವಲುಗಾರ. ಯಾರೇ 'ಕೂಸನ್ನ ನಮ್ಮೂರಿಗೆ ಒಯ್ಯಲೇನು' ಎಂದು ಚೇಷ್ಟೆಗೆ ಕೇಳಿದರೂ ಅವರ ಕಾಲಿಗೆ ಕಚ್ಚುತ್ತಿದ್ದ. ನನ್ನ ಸ್ವಂತ ಅತ್ತೆಗೂ ಅದೇ ಮರ್ಯಾದೆಯಾಯಿತು.

ಜ್ವರ ಇಳಿದ ದಿನ ಮಧ್ಯಾಹ್ನ ಅಂಗಳದಲ್ಲಿ ಮಕ್ಕಳ ಗದ್ದಲ ಕೇಳಿಸಿತು. ದೇವಿ ಹಾಕುವ ಆಟ ನಡೆದಿತ್ತು. ವಾಹಿದಾ ನಮ್ಮ ಶೇಖಮ್ಮನನ್ನು ಎತ್ತಿಕೊಂಡು ಕೂತಿದ್ದಳು, ಪರಮಣ್ಣನ ಮಕ್ಕಳು ಸಾಲು ನಿಂತಿದ್ದವು, ತಾಯಣ್ಣ ಜೋಳದ ದಂಟಿನ ತುಂಡು ಹಿಡಿದು ಎಲ್ಲರ ತೋಳಿಗೂ ತಿರುವುತ್ತಿದ್ದ. ಅಷ್ಟರಲ್ಲಿ ಏನೋ ವ್ಯಾಜ್ಯ ಹುಟ್ಟಿ ಆಟ ನಿಂತಿತು. ಸ್ವಲ್ಪ ಹೊತ್ತಿಗೆ ತಾಯಣ್ಣ ನನ್ನ ಹಾಸಿಗೆಯ ಹತ್ತಿರ ಬಂದು ನಿಂತ. ಎಲ್ಲ ಪಾತ್ರಕ್ಕೂ ಜನ ಇದ್ದಾರೆ, ಬೀಳುವ ಪಾತ್ರಕ್ಕೆ ಯಾರೂ ಒಪ್ಪುತ್ತಿಲ್ಲವಂತೆ, ನೀನೇ ಬಾ ಎಂದು ಕೈ ಹಿಡಿದೆಳೆದ.

ಸರ್ಕಾರಿ ಬಸ್ಸಿನ ಕಂಡಕ್ಟರ್ ನಾನು. ಮೀಸೆ ಸರಿಮಾಡಿಕೊಂಡು ಅಂಗಳಕ್ಕೆ ಹೋಗಿ, ತೋಳು ಒಡ್ಡಿ, ದಂಟು ತಾಗಿದ ಕೂಡಲೆ ಧೊಪ್ಪೆಂದು ಬಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸಿತು, ಗುಳುಗುಳು ಎಂದು. ನಮ್ಮ ಶೇಖಮ್ಮ ಬಾಯಿ ಬಿಟ್ಟು ನಗುತ್ತಿದ್ದಳು. ಅದುವರೆಗೂ ಅವಳು ಸದ್ದು ಮಾಡಿ ನಕ್ಕಿರಲಿಲ್ಲ.

"ಇನ್ನೊಮ್ಮಿ ಬೀಳು ಯಪ್ಪಾ," ಅಂದ ತಾಯಣ್ಣ. "ತಂಗಿ ನಗಾಕತ್ತಾಳ."

ಇನ್ನೊಮ್ಮೆ ಬಿದ್ದೆ. ಮತ್ತೊಮ್ಮೆ ಬಿದ್ದೆ. ಎಡಕ್ಕೆ ಬಿದ್ದೆ, ಬಲಕ್ಕೆ ಬಿದ್ದೆ, ಬೆನ್ನ ಮೇಲೆ ಬಿದ್ದೆ. ಬಿದ್ದಷ್ಟೂ ಅವಳು ನಕ್ಕಳು. ಮೈಯೆಲ್ಲ ಮಣ್ಣಾಗಿ, ಏದುಸಿರು ಬಿಡುತ್ತ, ಹೇಗಿತ್ತು ಎಂಬ ಹೆಮ್ಮೆಯಿಂದ ಬಾಗಿಲ ಕಡೆ ನೋಡಿದೆ. ಗೋಪಮ್ಮ ಮೊರ ಹಿಡಿದು ನಿಂತು ಎಲ್ಲವನ್ನೂ ನೋಡಿದ್ದಳು.

"ಚಲೋ ಬೀಳ್ತೀರಿ," ಅಂದಳು. "ಆದ್ರ ಮೊದಲನೇ ಸಲದ್ದು ಬರಂಗಿಲ್ಲ ಬಿಡ್ರಿ."